ಎರಚುವ ಕೈ, ಪ್ರಮಾಣ ಬರೆಯುವ ಕೈ

ಚೆನ್ನೈನ ಮಣಲಿಯಲ್ಲಿರುವ ಮದ್ರಾಸ್ ಫರ್ಟಿಲೈಸರ್ಸ್ ಕಾರ್ಖಾನೆಯ ‘ವಿಜಯ್’ ಯೂರಿಯಾ ನಮ್ಮ ಕಡೆಗೂ ಬರುತ್ತದೆ. 45 ಕಿಲೋ ಚೀಲವನ್ನು ಹೊತ್ತು ತಂದು ಬದುವಿನ ಮೇಲೆ ಕೆಡವಿದರೆ ಗಂಡಸಿನ ಪಾಲಿನ ಕೆಲಸ ಬಹುತೇಕ ಮುಗಿಯಿತು. ಚೀಲದ ಬಾಯಿ ಬಿಚ್ಚಿ, ಬಾಂಡಲಿಗೆ ಸುರಿದುಕೊಂಡು, ಕೆಸರಲ್ಲಿ ಕಾಲೆಳೆಯುತ್ತ ಎರಚುವವಳು ಎಷ್ಟೋ ಗದ್ದೆಗಳಲ್ಲಿ ಹೆಂಗಸೇ. ಬೆವರಿದ ಅಂಗೈಗೆ ಹರಳು ಮೆತ್ತಿಕೊಳ್ಳುತ್ತದೆ, ಗಾಯವಿದ್ದರೆ ಚುರುಗುಟ್ಟುತ್ತದೆ. ಎಕರೆಗೆ ಎಷ್ಟು, ಯಾವಾಗ ಎಂಬುದನ್ನು ಮಾತ್ರ ಕೃಷಿ ವಿಶ್ವವಿದ್ಯಾಲಯದ ಕೈಪಿಡಿ ಹೇಳುತ್ತದೆ. ಆ ಪ್ರಮಾಣ ನಿಗದಿಯಾಗುವ ಸಭೆಯ ಅಧ್ಯಕ್ಷ ಕುರ್ಚಿಯಲ್ಲಿ ಹೆಂಗಸು ಅಪರೂಪ ಎಂಬುದೇ ನನ್ನ ತಕರಾರು.

ಯೋಗ್ಯತೆಯ ಮಾತು ಬೇಡ. 1930ರ ದಶಕದಲ್ಲೇ ಕೊಯಮತ್ತೂರಿನಲ್ಲಿ ಕಬ್ಬನ್ನು ಬೇರೆ ಹುಲ್ಲುಗಳ ಜೊತೆ ಸಂಕರ ಮಾಡಿದ ಇ.ಕೆ. ಜಾನಕಿ ಅಮ್ಮಾಳ್, 1984ರಲ್ಲಿ ತೀರಿಕೊಳ್ಳುವ ತನಕ ಇದೇ ಚೆನ್ನೈನ ಮದುರವಾಯಲ್ ಪ್ರಯೋಗಾಲಯದಲ್ಲಿ ದುಡಿದರು. ಆದರೂ 1929ರಲ್ಲಿ ಹುಟ್ಟಿದ ಭಾರತೀಯ ಕೃಷಿ ಸಂಶೋಧನಾ ಪರಿಷತ್ತಿನ ಮಹಾನಿರ್ದೇಶಕರ ಪಟ್ಟಿಯಲ್ಲಿ ಒಬ್ಬ ಹೆಣ್ಣಿನ ಹೆಸರೂ ಇಲ್ಲ. ನಮ್ಮ ಯಳಂದೂರಿನ ಎಸ್. ಅಯ್ಯಪ್ಪನ್ 2010ರಲ್ಲಿ ಅಲ್ಲಿಗೆ ಹೋದಾಗ, ಬೆಳೆ ಬಿಟ್ಟು ಮೀನು ಓದಿದವರೂ ಆ ಕುರ್ಚಿಗೆ ಆದಾರು ಎಂಬುದೇ ದೊಡ್ಡ ಸುದ್ದಿಯಾಗಿತ್ತು!

ಬಾಗಿಲು ಪೂರ್ತಿ ಮುಚ್ಚಿದೆ ಎಂದಲ್ಲ. ತೆಂಗಿನ ಅಂಗಾಂಶ ಕೃಷಿಯಲ್ಲಿ ಕೆಲಸ ಮಾಡಿದ ಅನಿತಾ ಕರುಣ್ ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐ ನಡೆಸಿದರು. ಕೀಟವನ್ನು ಕೀಟದಿಂದಲೇ ಹದ್ದುಬಸ್ತಿನಲ್ಲಿಡುವ ವಿದ್ಯೆಯ ಚಾಂದಿಶ್ ಬಲ್ಲಾಳ್ ಬೆಂಗಳೂರಿನ ಕೃಷಿ ಕೀಟ ಸಂಪನ್ಮೂಲ ಬ್ಯೂರೋದ ನಿರ್ದೇಶಕಿಯಾಗಿದ್ದರು. ಇಂಥ ಹೆಸರುಗಳು ಬೆರಳೆಣಿಕೆಗೇ ಮುಗಿಯುತ್ತವೆ.

ಕೃಷಿ ಕಾಲೇಜುಗಳ ತರಗತಿಯಲ್ಲಿ ಹುಡುಗಿಯರಿಗೇನೂ ಬರವಿಲ್ಲ. ಅವರು ಜಾರುವುದು ನಡುದಾರಿಯಲ್ಲಿ. ದೊಡ್ಡ ಹುದ್ದೆಯ ಸಂದರ್ಶನದಲ್ಲಿ ‘ಆಡಳಿತದ ಅನುಭವ ಎಷ್ಟು?’ ಎಂದು ಕೇಳುತ್ತಾರೆ. ಆ ಅನುಭವ ಶುರುವಾಗುವುದು ಊರಾಚೆಯ ಸಂಶೋಧನಾ ಕೇಂದ್ರದಲ್ಲಿ. ಸೋರುವ ಕ್ವಾರ್ಟರ್ಸ್, ಸಂಜೆಯ ಮೇಲೆ ಬಸ್ಸಿಲ್ಲ. ‘ಪಾಪ, ಮಕ್ಕಳು ಚಿಕ್ಕವು, ಬೇಡ ಬಿಡಿ’ ಎಂದು ಅವಳನ್ನು ಒಂದು ಮಾತೂ ಕೇಳದೆ ಹೆಸರು ಹೊಡೆದುಹಾಕುವ ಕರುಣೆ ಇದೆಯಲ್ಲ, ದ್ವೇಷಕ್ಕಿಂತ ಅದೇ ಹೆಚ್ಚು ಕೆಡಿಸಿದೆ ಎನಿಸುತ್ತದೆ ನನಗೆ.

ವಿಶ್ವಸಂಸ್ಥೆ 2026ನ್ನು ರೈತ ಮಹಿಳೆಯರ ಅಂತಾರಾಷ್ಟ್ರೀಯ ವರ್ಷವೆಂದು ಸಾರಿದೆ. ಶಾಲು, ಹಾರ, ಫೋಟೊ ಎಲ್ಲ ಹೇಗೂ ಆಗುತ್ತವೆ. ಆ ಖರ್ಚಿನಲ್ಲಿ ಅರ್ಧ ಉಳಿಸಿ ನಾಲ್ಕು ಕೇಂದ್ರಗಳ ಕ್ವಾರ್ಟರ್ಸ್ ರಿಪೇರಿ ಮಾಡಿಸಲಿ, ಒಂದು ಜೀಪು ಕೊಡಲಿ. ನಲವತ್ತು ದಾಟದ ವಿಜ್ಞಾನಿಯೊಬ್ಬಳಿಗೆ ಮುಖ್ಯಸ್ಥೆಯ ಹುದ್ದೆಯ ಆದೇಶವನ್ನೂ ಜೊತೆಗೇ ಕಳಿಸಲಿ.