ಬಿಚ್ಚಲು ಬರುವ ಮುಚ್ಚಳವೇ ಒಳ್ಳೆಯದು

ಕಾಮರ್ಸ್ ಓದುವವರಿಗೆ ತಾಮ್ರದ ತಟ್ಟೆ, ನೀರಿನ ಪಂಪು ಯಾಕೆ ಎಂದು ಸೈನ್ಸ್ ವಿಭಾಗದ ಗೆಳೆಯರು ನಗುತ್ತಾರೆ. ಕಾರಣ ನಮ್ಮ ಮನೆಯಲ್ಲಿದೆ. ಭಾಯಿ ಮದುವೆ ವೀಡಿಯೊಗಳನ್ನು ಎಡಿಟ್ ಮಾಡುತ್ತಾರೆ. ಕಲಬುರಗಿಯ ಬಿಸಿಲು 40 ಡಿಗ್ರಿ ದಾಟಿದರೆ ಅವರ ಕಂಪ್ಯೂಟರ್ ಕಾದು ನಿಧಾನವಾಗುತ್ತದೆ. ಸಿದ್ಧ ವಾಟರ್ ಕೂಲಿಂಗ್ ಕೊಳ್ಳುವಷ್ಟು ಹಣವಿರಲಿಲ್ಲ. ಹಾಗಾಗಿ ವಾಟರ್ ಬ್ಲಾಕನ್ನು ಮನೆಯಲ್ಲೇ ಮಾಡಲು ಹೊರಟೆವು.

ವಾಟರ್ ಬ್ಲಾಕ್ ಎಂದರೆ ಪ್ರೊಸೆಸರ್ ಮೇಲೆ ಕೂರುವ ತಾಮ್ರದ ತಟ್ಟೆ. ಅದರಲ್ಲಿ ಕೊರೆದ ಕಾಲುವೆಗಳಲ್ಲಿ ನೀರು ಹರಿದು ಬಿಸಿಯನ್ನು ರೇಡಿಯೇಟರ್‌ಗೆ ಒಯ್ಯುತ್ತದೆ. ಮೇಲೆ ಅಕ್ರಿಲಿಕ್ ಮುಚ್ಚಳ. ಕೊರೆಯುವುದೇ ಕಷ್ಟ ಎಂದುಕೊಂಡಿದ್ದೆ. ಆದರೆ ನಿಜವಾದ ಕಷ್ಟ ತಟ್ಟೆಗೂ ಮುಚ್ಚಳಕ್ಕೂ ನಡುವಿನ ಸಂದಿಯನ್ನು ನೀರು ಸೋರದಂತೆ ಮುಚ್ಚುವುದು. ಮದರ್‌ಬೋರ್ಡ್ ಮೇಲೆ ನೀರು ಬಿದ್ದರೆ ಭಾಯಿಯ ದುಡಿಮೆಯೇ ನಿಲ್ಲಬಹುದು. "ಕರೆಂಟಿನ ಹತ್ತಿರ ನೀರು ನಕ್ಕೋ ಬೇಟಾ" ಎಂದು ಅಮ್ಮಿ ಮೊದಲ ದಿನವೇ ಹೇಳಿದ್ದರು.

ಮೊದಲು ಅಗ್ಗದ ದಾರಿ ಹಿಡಿದೆವು. ಮೀನಿನ ತೊಟ್ಟಿಗೆ ಹಚ್ಚುವ ಸಿಲಿಕೋನ್ ತಂದು ಹಚ್ಚಿದೆವು. ವಿನೆಗರ್ ವಾಸನೆ ಬಂತು. ಆ ವಾಸನೆಯೇ ಎಚ್ಚರಿಕೆ ಎಂದು ಆಗ ತಿಳಿಯಲಿಲ್ಲ. ಈ ಬಗೆಯ ಸಿಲಿಕೋನ್ ಗಟ್ಟಿಯಾಗುವಾಗ ಅಸಿಟಿಕ್ ಆಮ್ಲ ಬಿಡುತ್ತದೆ. ಗಾಜಿಗೆ ಅದರಿಂದ ತೊಂದರೆಯಿಲ್ಲ, ತಾಮ್ರವನ್ನು ಮಾತ್ರ ತಿನ್ನುತ್ತದೆ. ಭಾಯಿ ಹಠ ಹಿಡಿದು ಬ್ಲಾಕನ್ನು ಕಂಪ್ಯೂಟರಿನ ಹೊರಗೇ ಓಡಿಸಿ ನೋಡುತ್ತಿದ್ದರು. ಮೂರನೇ ವಾರ ಅಂಚಿನಲ್ಲಿ ಹಸಿರು ಕಿಲುಬು ಕಂಡಿತು, ಒಂದು ಮೂಲೆ ತೇವವಾಯಿತು. ಮುಚ್ಚಳ ಎಬ್ಬಿಸಲು ಹೋದರೆ ಅಕ್ರಿಲಿಕ್ ಸೀಳಿತು.

ಆಮ್ಲ ಬಿಡದ ನ್ಯೂಟ್ರಲ್ ಸಿಲಿಕೋನ್ ತಾಮ್ರಕ್ಕೆ ವಾಸಿ. ಆದರೆ ಪ್ರತಿ ಸಲ ಬಿಚ್ಚಿದಾಗಲೂ ಹಳೆಯದನ್ನೆಲ್ಲ ಕೆರೆದು, ಹೊಸದಾಗಿ ಹಚ್ಚಿ, ಒಂದು ದಿನ ಒಣಗಲು ಬಿಡಬೇಕು. ಎಪಾಕ್ಸಿ ಹಾಕಿದರೆ ಬಿಚ್ಚುವ ಮಾತೇ ಇಲ್ಲ. ಮೇಲಾಗಿ ಬಿಸಿಗೆ ಅಕ್ರಿಲಿಕ್ ತಾಮ್ರಕ್ಕಿಂತ ಸುಮಾರು ನಾಲ್ಕು ಪಟ್ಟು ಹಿಗ್ಗುತ್ತದೆ, ಆ ಎಳೆದಾಟಕ್ಕೆ ಅಂಟು ಬಿಡಬಹುದು. ಬೆಸುಗೆ ಗಟ್ಟಿ, ನಿಜ. ಆದರೆ ಮುಚ್ಚಳವೂ ತಾಮ್ರದ್ದೋ ಹಿತ್ತಾಳೆಯದ್ದೋ ಆಗಬೇಕು, ಒಳಗೆ ಫ್ಲಕ್ಸ್ ಉಳಿದರೆ ತೆಗೆಯುವುದು ಕಷ್ಟ.

ನನ್ನ ಅಭಿಪ್ರಾಯ ಸ್ಪಷ್ಟ: ಓ-ರಿಂಗ್ ಹಾಕಿ, ಸ್ಕ್ರೂ ಬಿಗಿಯಿರಿ. ಕುಕ್ಕರ್ ಮುಚ್ಚಳವನ್ನು ಯಾರಾದರೂ ಅಂಟು ಹಾಕಿ ಮುಚ್ಚುತ್ತಾರೆಯೇ? ಗ್ಯಾಸ್ಕೆಟ್ ಹಾಕುತ್ತೇವೆ, ತೊಳೆಯುತ್ತೇವೆ, ಹಳೆಯದಾದರೆ ಬದಲಿಸುತ್ತೇವೆ. ಬ್ಲಾಕಿನ ಕಾಲುವೆಗಳಲ್ಲೂ ಪಾಚಿ, ಕಸ ಕಟ್ಟುತ್ತದೆ. ಒಂದಲ್ಲ ಒಂದು ದಿನ ಬಿಚ್ಚಲೇಬೇಕು.

ಓ-ರಿಂಗ್ ಕೂರಲು ಅಳತೆಯ ಗಾಡಿ ಬೇಕು. 2 ಮಿಲಿಮೀಟರ್ ದಪ್ಪದ ರಿಂಗಿಗೆ 1.5 ಮಿಲಿಮೀಟರ್ ಆಳ ಸಾಕು, ಆಗ ರಬ್ಬರ್ ಕಾಲು ಭಾಗ ಒತ್ತಿಕೊಳ್ಳುತ್ತದೆ. ಅಗಲ 2.6ರಷ್ಟು ಇರಲಿ, ಒತ್ತಿದ ರಬ್ಬರಿಗೆ ಪಕ್ಕಕ್ಕೆ ಸರಿಯಲು ಜಾಗ ಬೇಕು. ಗಾಡಿ ದುಂಡಗಿದ್ದರೆ ಊರಿನ ಲೇತ್ ಅಂಗಡಿಯಲ್ಲೇ ಕೊರೆಸಬಹುದು. ಸ್ಕ್ರೂಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಯಬೇಕು, ಅತಿಯಾದರೆ ಅಕ್ರಿಲಿಕ್ ಒಡೆಯುತ್ತದೆ.

ಲೇತ್ ಕೂಲಿ 300 ರೂಪಾಯಿ ಆಯಿತು, ಸಿಲಿಕೋನ್ ಟ್ಯೂಬಿಗಿಂತ ಹೆಚ್ಚೇ. ರಬ್ಬರ್ ಹಳೆಯದಾಗುತ್ತದೆ ಎಂದೂ ಕೆಲವರು ಹೇಳುತ್ತಾರೆ. ಒಪ್ಪುತ್ತೇನೆ. ಆದರೆ ಅದು ನಾವು ಅಕೌಂಟೆನ್ಸಿಯಲ್ಲಿ ಓದುವ ಸವಕಳಿಯ ಹಾಗೆ, ಮೊದಲೇ ಗೊತ್ತಿರುವ ಸಣ್ಣ ಖರ್ಚು. ಅಂಟಿನ ಬ್ಲಾಕ್ ಕೆಟ್ಟರೆ ಬ್ಲಾಕೇ ಹೋಗುತ್ತದೆ, ಕೆಲವೊಮ್ಮೆ ಕಂಪ್ಯೂಟರೂ ಜೊತೆಗೆ. ಖರೀದಿಯ ದಿನದ ಬೆಲೆ ಮಾತ್ರ ನೋಡುವುದು ಲೆಕ್ಕವಲ್ಲ.

ಯಾವ ದಾರಿ ಹಿಡಿದರೂ ಒಂದು ಕೆಲಸ ಬಿಡಬೇಡಿ. ಬ್ಲಾಕನ್ನು ಹೊರಗೆ ಹಳೆ ಪತ್ರಿಕೆಯ ಮೇಲಿಟ್ಟು 24 ಗಂಟೆ ಪಂಪು ಓಡಿಸಿ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿ ಪ್ರಯೋಜನವಿಲ್ಲ. ನಮ್ಮ ಓ-ರಿಂಗ್ ಬ್ಲಾಕ್ ಓಡಿದ ಮರುದಿನ ಅಮ್ಮಿ ತಾವೇ ಬಂದು ಪತ್ರಿಕೆ ಮುಟ್ಟಿ ನೋಡಿದರು. ಒಣಗಿತ್ತು. ಆಮೇಲೆಯೇ ಅದು ಕಂಪ್ಯೂಟರಿನೊಳಗೆ ಹೋಯಿತು.