ಬಾವಿ ಅಣ್ಣನ ಅಂಗಳದಲ್ಲೇ ಉಳಿಯಿತು

ಬ್ರೆಕ್ಸಿಟ್ ತಪ್ಪಲ್ಲವಂತೆ, ಅದನ್ನು ಮಾಡಿದ ರೀತಿ ತಪ್ಪಂತೆ. ವರ್ಷಗಟ್ಟಲೆ ಇದೇ ರಾಗ. ಸಾರು ಹಳಸಿದ್ದಕ್ಕೆ ಸೌಟನ್ನು ಬೈದ ಹಾಗೆ. ಬ್ರೆಕ್ಸಿಟ್ ಮುಂದಾಳು ನೈಜೆಲ್ ಫರಾಜ್ ಇದನ್ನೇ ಹೇಳಿಕೊಂಡು ಅಲ್ಲಿ ಮತ್ತೆ ವೋಟು ಕೇಳುತ್ತಿದ್ದಾರೆ. ‘ಬ್ರಿಟನ್ ತನ್ನ ಸಾರ್ವಭೌಮತ್ವವನ್ನು ಮರಳಿ ಪಡೆಯಿತು’ ಎಂದು ಇಲ್ಲಿಂದಲೇ ಚಪ್ಪಾಳೆ ತಟ್ಟುವವರು ನಮ್ಮಲ್ಲೂ ಇದ್ದಾರೆ. ಮರಳಿ ಪಡೆದದ್ದು ಏನು ಅಂತ ಒಮ್ಮೆ ತೋರಿಸಿ ಸ್ವಾಮಿ, ಕಣ್ತುಂಬ ನೋಡುತ್ತೇವೆ.

ನೀಲಿ ಪಾಸ್‌ಪೋರ್ಟ್ ಬಂತಲ್ಲ ಎನ್ನುತ್ತೀರಿ. ಬಂತು, ನಿಜ. ಆದರೆ ನೀಲಿ ಬೇಡವೆಂದು ಯುರೋಪಿಯನ್ ಒಕ್ಕೂಟ ಯಾವತ್ತೂ ಹೇಳಿರಲಿಲ್ಲ. 2013ರಲ್ಲಿ ಒಕ್ಕೂಟ ಸೇರಿದ ಕ್ರೊವೇಷಿಯಾ ತನ್ನ ನೀಲಿ ಪಾಸ್‌ಪೋರ್ಟನ್ನು ಹಾಗೇ ಇಟ್ಟುಕೊಂಡಿತು. ಸಾಲದ್ದಕ್ಕೆ, ಬ್ರಿಟನ್ನಿನ ಹೊಸ ಪಾಸ್‌ಪೋರ್ಟಿನ ಗುತ್ತಿಗೆ ಹೋದದ್ದು ಫ್ರೆಂಚ್-ಡಚ್ ಕಂಪನಿಗೆ, ಅಚ್ಚಾಗುವುದು ಪೋಲೆಂಡಿನಲ್ಲಿ. ಪೋಲೆಂಡಿನವರು ಬಂದು ನಮ್ಮ ಕೆಲಸ ಕಸಿದರು ಎಂದು ಗಂಟಲು ಹರಿದುಕೊಂಡವರಿಗೆ ಪೋಲೆಂಡೇ ಪಾಸ್‌ಪೋರ್ಟ್ ಅಚ್ಚು ಹಾಕಿ ಕಳಿಸುತ್ತಿದೆ.

‘ಬ್ರಸೆಲ್ಸ್ ನಮ್ಮನ್ನು ಆಳುತ್ತಿತ್ತು’ ಎಂಬ ಗೋಳು ಇನ್ನೊಂದು. ಲೆಕ್ಕ ಕೇಳಿ. 1999ರಿಂದ 2016ರ ಬ್ರೆಕ್ಸಿಟ್ ಜನಮತಗಣನೆಯ ಹೊತ್ತಿನವರೆಗೆ, ಒಕ್ಕೂಟದ ಮಂತ್ರಿಗಳ ಮಂಡಳಿಯಲ್ಲಿ ಪಾಸಾದ ಕಾನೂನುಗಳಿಗೆ ಬ್ರಿಟನ್ ಹೌದು ಎಂದದ್ದು 2,466 ಸಲ. ಬೇಡವೆಂದು ಸೋತದ್ದು 56 ಸಲ. ಐವತ್ತಾರು! ಸಾಂಬಾರು, ಪಾಯಸ, ಹೋಳಿಗೆ ಎಲ್ಲ ಉಂಡು, ಎರಡನೇ ಸಲ ಹಪ್ಪಳ ಬರಲಿಲ್ಲವೆಂದು ಎಲೆ ಬಿಟ್ಟು ಎದ್ದ ಬೀಗರನ್ನು ನೋಡಿದ್ದೇನೆ. ಅವರ ಕೋಪಕ್ಕಾದರೂ ಏನೋ ಅರ್ಥವಿತ್ತು.

ಅಷ್ಟಕ್ಕೂ ಈ ಅಡುಗೆಮನೆ ಯಾರದ್ದು? ಇಂದಿನ ಏಕ ಮಾರುಕಟ್ಟೆಗೆ 1985ರಲ್ಲಿ ನಕ್ಷೆ ಬರೆದದ್ದು ಮಾರ್ಗರೆಟ್ ಥ್ಯಾಚರ್ ಕಳಿಸಿದ ಕಮಿಷನರ್ ಆರ್ಥರ್ ಕಾಕ್‌ಫೀಲ್ಡ್. ವಂತಿಗೆ ಜಾಸ್ತಿಯಾಯಿತೆಂದು ಹಟ ಹಿಡಿದು 1984ರಲ್ಲಿ ರಿಯಾಯಿತಿ ಪಡೆದದ್ದೂ ಅದೇ ಥ್ಯಾಚರ್. ಯೂರೋ ಬೇಡ ಎಂದರು, ಪೌಂಡು ಉಳಿಯಿತು. ಶೆಂಗೆನ್ ಬೇಡ ಎಂದರು, ಗಡಿಯ ಕಾವಲು ಉಳಿಯಿತು. ಇಷ್ಟು ಮುದ್ದು ಮಾಡಿಸಿಕೊಂಡ ಮಗು ಆ ಮನೆಯಲ್ಲಿ ಇನ್ನೊಂದಿರಲಿಲ್ಲ. 2016ರ ಜೂನ್ 23ರಂದು ಮತ ಹಾಕಿದವರಲ್ಲಿ ಶೇ 51.9ರಷ್ಟು ಜನ ಅದನ್ನು ಗುಲಾಮಗಿರಿ ಎಂದು ತೀರ್ಮಾನಿಸಿದರು. ವಾರಕ್ಕೆ 35 ಕೋಟಿ ಪೌಂಡ್ ಕಳಿಸುತ್ತಿದ್ದೇವೆಂದು ಕೆಂಪು ಬಸ್ಸಿನ ಮೇಲೆ ಬರೆದವರು ಆ ರಿಯಾಯಿತಿಯನ್ನು ಕಳೆಯುವುದನ್ನೇ ‘ಮರೆತಿದ್ದರು’.

ಅಣ್ಣತಮ್ಮಂದಿರು ಪಾಲಾದಾಗ ಗೋಡೆ ಎಬ್ಬಿಸುವುದು ಸುಲಭ. ಬಾವಿ ಅಣ್ಣನ ಅಂಗಳಕ್ಕೆ ಬಿದ್ದರೆ ತಮ್ಮನ ಮನೆಯವರು ದಿನಾ ಕೊಡ ಹಿಡಿದು ಅಲ್ಲಿಗೇ ಹೋಗಬೇಕು. ಯಾವ ಹೊತ್ತಿಗೆ ಸೇದಬೇಕು, ಹಗ್ಗ ಯಾರು ತರಬೇಕು, ಎಲ್ಲ ಆ ಮನೆಯವರು ಹೇಳಿದ ಹಾಗೆ. ಬ್ರಿಟನ್ನಿಗೆ ಆದದ್ದು ಇದೇ. ಸರಕು ನಿಯಮಕ್ಕೆ ತಕ್ಕಂತಿದೆ ಎನ್ನುವ ಯುರೋಪಿನ ‘ಸಿಇ’ ಗುರುತಿನ ಬದಲು ‘ಯುಕೆಸಿಎ’ ಎಂಬ ಸ್ವದೇಶಿ ಮುದ್ರೆ ತಂದರು. ಎರಡೆರಡು ಪರೀಕ್ಷೆಗೆ ದುಡ್ಡು ಸುರಿಯಲು ಕಾರ್ಖಾನೆಯವರಿಗೇನು ಹುಚ್ಚೇ? ಗಡುವು ಮುಂದಕ್ಕೆ ಹೋಯಿತು, ಮತ್ತೆ ಹೋಯಿತು, ಕೊನೆಗೆ 2023ರ ಆಗಸ್ಟ್‌ನಲ್ಲಿ ಹೆಚ್ಚಿನ ಸರಕುಗಳಿಗೆ ‘ಸಿಇ’ ಗುರುತೇ ಅನಿರ್ದಿಷ್ಟ ಕಾಲ ನಡೆಯುತ್ತದೆ ಎಂದು ಸರ್ಕಾರವೇ ಒಪ್ಪಿಕೊಂಡಿತು. 2025ರ ಮೇ ತಿಂಗಳಲ್ಲಿ ಪ್ರಧಾನಿ ಕೀರ್ ಸ್ಟಾರ್ಮರ್ ಮಾಡಿಕೊಂಡ ತಾತ್ವಿಕ ಒಪ್ಪಂದ ನೋಡಿ: ಆಹಾರ ಪದಾರ್ಥಗಳ ವಿಷಯದಲ್ಲಿ ಬ್ರಸೆಲ್ಸ್ ನಿಯಮ ಬದಲಿಸಿದ ಹಾಗೆಲ್ಲ ಲಂಡನ್ನೂ ಬದಲಿಸಬೇಕು. ನಿಯಮ ಅದೇ, ಅದನ್ನು ಬರೆಯುವ ಮೇಜಿನಲ್ಲಿ ಕುರ್ಚಿ ಮಾತ್ರ ಇಲ್ಲ. ‘ನಮ್ಮ ಕಡಲು, ನಮ್ಮ ಮೀನು’ ಎಂದು ಕುಣಿದಿದ್ದರಲ್ಲ, ಯುರೋಪಿನ ದೋಣಿಗಳಿಗೆ 2038ರವರೆಗೆ ಆ ಕಡಲನ್ನೂ ತೆರೆದಿಟ್ಟರು. ಕುರ್ಚಿ ಇದ್ದಾಗ ಸೋತದ್ದು 56 ಸಲ. ಈಗ ಸೋಲುವ ಅವಕಾಶವೂ ಇಲ್ಲ.

ಬ್ರಸೆಲ್ಸ್ ಏನು ದೇವಸ್ಥಾನವಲ್ಲ. 2015ರಲ್ಲಿ ಗ್ರೀಸಿನಲ್ಲಿ ಮತ ಹಾಕಿದವರ ಪೈಕಿ ಶೇ 61ರಷ್ಟು ಜನ ಸಾಲ ಕೊಟ್ಟವರ ಷರತ್ತಿಗೆ ‘ಬೇಡ’ ಎಂದ ಮರುವಾರವೇ ಅದಕ್ಕಿಂತ ಬಿಗಿಯಾದ ಷರತ್ತು ಅವರ ಕೊರಳಿಗೆ ಬಿತ್ತು. ಒದೆ ತಿಂದವರು ಅವರು. ಆದರೂ ಬಿಟ್ಟು ಹೋಗಲಿಲ್ಲ.

ಬ್ರಿಟನ್ನಿನಲ್ಲಿರುವ ನಮ್ಮವರ ಕಥೆ ಬೇರೆಯೇ ಇದೆ. ಯುರೋಪಿನವರು ಹೋದರೆ ದಕ್ಷಿಣ ಏಷ್ಯಾದ ಬಾಣಸಿಗರಿಗೆ ಬಾಗಿಲು ತೆರೆಯುತ್ತದೆ, ಕರಿ ಹೋಟೆಲುಗಳು ಬದುಕುತ್ತವೆ ಎಂದು ಆಗ ಅಲ್ಲಿ ಸಚಿವೆಯಾಗಿದ್ದ ಪ್ರೀತಿ ಪಟೇಲ್ ಪ್ರಚಾರ ಮಾಡಿದ್ದರು. ನಂಬಿ ವೋಟು ಹಾಕಿದವರು ಬಹಳ ಮಂದಿ. 2024ರ ಏಪ್ರಿಲ್ ಹೊತ್ತಿಗೆ ಕುಶಲ ಕೆಲಸದ ವೀಸಾಕ್ಕೆ ಸಾಮಾನ್ಯವಾಗಿ ವರ್ಷಕ್ಕೆ 38,700 ಪೌಂಡ್ ಸಂಬಳ ಇರಬೇಕೆಂದಾಯಿತು. ಯಾವ ಅಡುಗೆಭಟ್ಟನಿಗೆ ಅಷ್ಟು ಕೊಡುತ್ತಾರೆ? ಬೆಂಗಳೂರಿನಿಂದ ಹೋದ ಎಂಜಿನಿಯರು ತೆರಿಗೆ ಕಟ್ಟುತ್ತಾನೆ, ರಾಷ್ಟ್ರೀಯ ವಿಮೆ ಕಟ್ಟುತ್ತಾನೆ, ಅದರ ಮೇಲೆ ತಲೆಗೆ ವರ್ಷಕ್ಕೆ 1,035 ಪೌಂಡ್ ಆಸ್ಪತ್ರೆ ಸುಂಕ ಬೇರೆ ಕಟ್ಟುತ್ತಾನೆ. ಐದು ವರ್ಷಕ್ಕೆ ಸಿಗಬೇಕಿದ್ದ ಕಾಯಂ ವಾಸದ ಹಕ್ಕನ್ನು ಹತ್ತಕ್ಕೆ ಒಯ್ಯುವ ಪ್ರಸ್ತಾವ 2025ರ ಶ್ವೇತಪತ್ರದಲ್ಲಿ ಬಂತು. ಓಡುವವನ ಕಣ್ಣೆದುರೇ ಗುರಿಗಲ್ಲು ಕಿತ್ತು ಮುಂದೆ ನೆಡುವುದೆಂದರೆ ಇದು. ಆಸ್ಪತ್ರೆ ನಡೆಸಲು ನಮ್ಮ ನರ್ಸುಗಳು ಬೇಕು, ಬೀದಿಯಲ್ಲಿ ಬೈಯಲೂ ನಾವೇ ಬೇಕು.

ಇನ್ನು ಭಾರತದ ಜೊತೆಗಿನ ಆ ಮಹಾ ವ್ಯಾಪಾರ ಒಪ್ಪಂದ. ದೀಪಾವಳಿಗೆ ಮುಗಿಸುತ್ತೇವೆಂದು ಆಗಿನ ಪ್ರಧಾನಿ ಬೋರಿಸ್ ಜಾನ್ಸನ್ 2022ರಲ್ಲಿ ಹೇಳಿದ್ದರು. ಸಹಿ ಬಿದ್ದದ್ದು 2025ರ ಜುಲೈನಲ್ಲಿ. ದೀರ್ಘಾವಧಿಯಲ್ಲಿ ಅದರಿಂದ ಬ್ರಿಟನ್ನಿನ ಜಿಡಿಪಿಗೆ ಸೇರುವುದು ಶೇ 0.1ರಷ್ಟು ಎಂದು ಅಲ್ಲಿನ ಸರ್ಕಾರದ್ದೇ ಅಂದಾಜು. ಒಕ್ಕೂಟ ಬಿಟ್ಟದ್ದರಿಂದ ದೀರ್ಘಾವಧಿಯಲ್ಲಿ ಉತ್ಪಾದಕತೆಗೆ ಬೀಳುವ ಕಡಿತ ಶೇ 4 ಎಂದು ಅಲ್ಲಿನ ಬಜೆಟ್ ಹೊಣೆಗಾರಿಕೆ ಕಚೇರಿಯದ್ದೇ ಅಂದಾಜು. ಕೂಡಿ ಕಳೆಯಲು ಕ್ಯಾಲ್ಕುಲೇಟರ್ ಬೇಡ.

2025ರ ಅಕ್ಟೋಬರ್ 12ರಿಂದ ಶೆಂಗೆನ್ ಗಡಿಯಲ್ಲಿ ಹೊಸ ನೋಂದಣಿ ವ್ಯವಸ್ಥೆ ಶುರುವಾಗಿದೆ, ಒಕ್ಕೂಟದ ಹೊರಗಿನಿಂದ ಪ್ರವಾಸಕ್ಕೆ ಬರುವವರಿಗೆ. ಬೆಂಗಳೂರಿನವನೂ ಬರ್ಮಿಂಗ್‌ಹ್ಯಾಮಿನವನೂ ಈಗ ಅದರಲ್ಲಿ ಒಂದೇ ಪಂಕ್ತಿ. ನಾವು ವೀಸಾ ತೆಗೆಸುವಾಗಲೇ ಬೆರಳೊತ್ತಿರುತ್ತೇವೆ, ಗಡಿಯಲ್ಲಿ ಮುಖ ತೋರಿಸಿದರೆ ಸಾಕು. ಹಿಂದೆ ನಿಂತ ಸಾಹೇಬರು ನೀಲಿ ಪಾಸ್‌ಪೋರ್ಟನ್ನು ಕಂಕುಳಲ್ಲಿಟ್ಟುಕೊಂಡು ನಾಲ್ಕು ಬೆರಳು ಒತ್ತಬೇಕು.