ನಾಡಿ ಸಿಗದಿದ್ದರೆ ಸತ್ತ ಎಂದಲ್ಲ!



ರಸ್ತೆಯಲ್ಲಿ ಒಬ್ಬ ಮನುಷ್ಯ ಕುಸಿದು ಬೀಳುತ್ತಾನೆ. ನೀವು ಓಡಿ ಹೋಗಿ ಕೈ ಹಿಡಿದು ನಾಡಿ ನೋಡುತ್ತೀರಿ. ನಾಡಿ ಇಲ್ಲ. 'ಮುಗೀತು, ಹೋಗಿಬಿಟ್ಟ' ಎಂದು ಗುಂಪು ತೀರ್ಪು ಕೊಡುತ್ತದೆ. ಆದರೆ ಆ ಮನುಷ್ಯ ಬದುಕಿರಬಹುದು. ಆಪರೇಷನ್ ಆದ ದಿನದಿಂದಲೂ ಅವನಿಗೆ ಕೈಗೆ ಸಿಗುವ ನಾಡಿಯೇ ಇಲ್ಲದಿರಬಹುದು!

ಇದು ಕಟ್ಟುಕಥೆಯಲ್ಲ. ಕಳೆದ ತಿಂಗಳು ನಮ್ಮ ಪ್ರೆಸ್ಸಿಗೆ ಒಬ್ಬ ಹುಡುಗ ಬಂದ. ಅವನ ತಂದೆಯ ಹೃದಯಕ್ಕೆ ಪಂಪು ಕೂರಿಸಿದ್ದಾರೆ. ಆಸ್ಪತ್ರೆಯವರು ಕೊಟ್ಟ ತುರ್ತು ಸೂಚನೆಯ ಹಾಳೆ ಪೂರ್ತಿ ಇಂಗ್ಲಿಷು. 'ಅಣ್ಣಾ, ಇದನ್ನ ಕನ್ನಡದಲ್ಲಿ ಕಾರ್ಡು ಮಾಡಿಕೊಡಿ. ಅಮ್ಮನಿಗೆ ಇಂಗ್ಲಿಷ್ ಬರಲ್ಲ, ಪಕ್ಕದ ಮನೆಯವರಿಗೂ ಬರಲ್ಲ. ನಾನು ಕೆಲಸಕ್ಕೆ ಹೋದಾಗ ಅಪ್ಪನಿಗೆ ಏನಾದ್ರೂ ಆದ್ರೆ?' ಎಂದ. ಇಪ್ಪತ್ತು ವರ್ಷದಿಂದ ಮದುವೆ ಕರೆಯೋಲೆ, ಬಿಲ್ ಪುಸ್ತಕ ಅಚ್ಚು ಹಾಕಿದವನು ನಾನು. ಇಷ್ಟು ಭಾರದ ಪ್ರೂಫ್ ಯಾವತ್ತೂ ತಿದ್ದಿರಲಿಲ್ಲ.

ಏನಿದು ಪಂಪು? ಹೃದಯದ ಎಡಭಾಗ ತೀರಾ ಸೋತು, ಔಷಧಿಗೂ ಬಗ್ಗದಿದ್ದಾಗ ರಕ್ತವನ್ನು ಮೈಗೆ ತಳ್ಳಲು ಅಳವಡಿಸುವ ಯಂತ್ರ. ವೈದ್ಯರು ಎಲ್‌ವ್ಯಾಡ್ ಎನ್ನುತ್ತಾರೆ. ಹೊಟ್ಟೆಯ ಚರ್ಮದಿಂದ ಒಂದು ವೈರು ಹೊರಬಂದು ಕಂಟ್ರೋಲರ್ ಎಂಬ ಪುಟ್ಟ ಪೆಟ್ಟಿಗೆಗೆ, ಅಲ್ಲಿಂದ ಎರಡು ಬ್ಯಾಟರಿಗಳಿಗೆ ಸೇರುತ್ತದೆ. ಓಡಾಡುವಾಗ ರೋಗಿ ಇವನ್ನು ಮೈಮೇಲೆ ಹೊತ್ತೇ ಇರಬೇಕು. ನಮ್ಮಪ್ಪನ ಕಾಲದ ಟ್ರೆಡಲ್ ಮಷೀನು ಟಕ್ ಟಕ್ ಎಂದು ಬಡಿಯುತ್ತಿತ್ತು. ಇಂದಿನ ಫ್ಯಾನು ಒಂದೇ ಸಮ ಗುಂಯ್ ಎನ್ನುತ್ತದೆ. ಹೃದಯ ಟ್ರೆಡಲ್ ಇದ್ದಂತೆ, ಈ ಪಂಪು ಫ್ಯಾನಿನಂತೆ. ರಕ್ತ ಬಿಟ್ಟು ಬಿಟ್ಟು ನುಗ್ಗದೆ ಒಂದೇ ಸಮ ಹರಿಯುವುದರಿಂದ ಎಷ್ಟೋ ಜನರಿಗೆ ನಾಡಿ ಸಿಗುವುದೇ ಇಲ್ಲ. ಮಾಮೂಲಿ ಬಿ.ಪಿ. ಮಷೀನು ಸೋಲುತ್ತದೆ. ಬೆರಳಿಗೆ ಸಿಕ್ಕಿಸುವ ಆಕ್ಸಿಜನ್ ಮೀಟರನ್ನೂ ನಂಬುವಂತಿಲ್ಲ. ಅಮೆರಿಕದ ಉಪಾಧ್ಯಕ್ಷರಾಗಿದ್ದ ಡಿಕ್ ಚೆನಿ 2010ರಿಂದ 2012ರಲ್ಲಿ ಹೃದಯ ಕಸಿ ಆಗುವವರೆಗೆ ಇಂಥ ಪಂಪಿನ ಬಲದಲ್ಲೇ ಬದುಕಿದ್ದರು. ನಮ್ಮ ಬೆಂಗಳೂರಿನಲ್ಲೂ ಈ ಆಪರೇಷನ್ ನಡೆದಿದೆ.

ಹಾಗಾದರೆ ಇಂಥವರು ಬಿದ್ದಾಗ ಮಾಡಬೇಕಾದದ್ದೇನು? ನಾಡಿ ಹುಡುಕುತ್ತಾ ಕೂರಬೇಡಿ, ಮನುಷ್ಯನನ್ನು ನೋಡಿ. ಪ್ರಜ್ಞೆ ಇದೆಯೇ? ಉಸಿರಾಡುತ್ತಿದ್ದಾನೆಯೇ? ಮೈ ಬೆಚ್ಚಗಿದ್ದು, ಉಗುರು ಒತ್ತಿ ಬಿಟ್ಟಾಗ ಬೇಗ ಕೆಂಪಾದರೆ ರಕ್ತ ಓಡುತ್ತಿದೆ ಎಂದರ್ಥ. ಎದೆಯ ಎಡಭಾಗದ ಕೆಳಗೆ ಕಿವಿಗೊಡಿ. ಗುಂಯ್ ಸದ್ದು ಬಂದರೆ ಪಂಪು ತಿರುಗುತ್ತಿದೆ. ವೈರು ಸಡಿಲವೇ, ಬ್ಯಾಟರಿ ಮುಗಿದಿದೆಯೇ ನೋಡಿ. ಬ್ಯಾಟರಿ ಬದಲಿಸುವಾಗ ಒಂದಾದ ಮೇಲೆ ಒಂದು. ಎರಡನ್ನೂ ಒಟ್ಟಿಗೆ ಎಂದೂ ಕಳಚಬೇಡಿ. ಬಟ್ಟೆ ಕತ್ತರಿಸುವ ಅವಸರದಲ್ಲಿ ವೈರಿಗೆ ಕತ್ತರಿ ಬಿದ್ದೀತು, ಜೋಕೆ!

ಎದೆ ಒತ್ತಿದರೆ ಪಂಪು ಜಾರೀತು ಎಂಬ ಭಯ ಮೊದಲು ವೈದ್ಯರಲ್ಲೇ ಇತ್ತು. 2017ರಲ್ಲಿ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಈ ಗೊಂದಲಕ್ಕೆಂದೇ ತಜ್ಞರ ಮಾರ್ಗಸೂಚಿ ತಂದಿತು. ಸಾರ ಇಷ್ಟೇ: ನಾಡಿ ಇಲ್ಲವೆಂಬ ಒಂದೇ ಕಾರಣಕ್ಕೆ ಒತ್ತಬೇಡಿ, ಪ್ರಜ್ಞೆ ಇಲ್ಲ, ಉಸಿರಿಲ್ಲ, ಮೈ ತಣ್ಣಗೆ ಬಿಳಿಚಿದೆ, ಪಂಪಿನ ಸದ್ದೂ ಇಲ್ಲ ಎಂದಾದರೆ ಹೆದರಿ ಸುಮ್ಮನಿರಲೂ ಬೇಡಿ. ಒಬ್ಬರು ಎದೆ ಒತ್ತಲಿ, ಇನ್ನೊಬ್ಬರು ವೈರು, ಬ್ಯಾಟರಿ ನೋಡಲಿ. ಅಗತ್ಯವಿದ್ದರೆ ವೈದ್ಯ ಸಿಬ್ಬಂದಿ ಶಾಕ್ ಕೂಡ ಕೊಡಬಹುದು, ಪ್ಯಾಡು ಪಂಪಿನ ಮೇಲೆ ಬರಬಾರದು ಅಷ್ಟೆ. ಪಂಪು ಇಲ್ಲದವರಿಗೆ ಹಳೆಯ ನಿಯಮವೇ: ಪ್ರಜ್ಞೆಯೂ ಸಹಜ ಉಸಿರೂ ಇಲ್ಲದಿದ್ದರೆ ತಡಮಾಡದೆ ಒತ್ತಿ.

ಈ ರೋಗಿಗಳು ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ತಿನ್ನುತ್ತಾರೆ. ತಲೆಗೆ ಸಣ್ಣ ಪೆಟ್ಟಾದರೂ ಒಳಗೆ ರಕ್ತಸ್ರಾವ ಆಗಬಹುದು. ಪಾರ್ಶ್ವವಾಯುವಿನ ಅಪಾಯವೂ ಉಂಟು. ಆಂಬುಲೆನ್ಸ್ ಹತ್ತಿಸುವಾಗ ಬದಲಿ ಕಂಟ್ರೋಲರ್, ಬ್ಯಾಟರಿ ಇರುವ ಚೀಲವನ್ನೂ, ಯಂತ್ರ ಬಲ್ಲ ಮನೆಯವರನ್ನೂ ಜೊತೆಗೇ ಹತ್ತಿಸಿ. ಪಂಪು ಹಾಕಿದ ಆಸ್ಪತ್ರೆಗೆ ದಾರಿಯಿಂದಲೇ ಫೋನ್ ಮಾಡಿ.

ಈಗ ಹೇಳಿ, ಇಷ್ಟೆಲ್ಲ ಇಂಗ್ಲಿಷಿನಲ್ಲಿ ಮಾತ್ರ ಇದ್ದರೆ ಯಾರಿಗೆ ಉಪಯೋಗ? ಬಿದ್ದವನ ಬಳಿ ಮೊದಲು ಬರುವವನು ಡಾಕ್ಟರಲ್ಲ ಸ್ವಾಮಿ! ಹೆಂಡತಿ, ಆಟೋದವನು, ಹೂವು ಮಾರುವವಳು, ಬೀದಿಯ ಹುಡುಗರು. ಕೋಟಿ ರೂಪಾಯಿ ಲೆಕ್ಕದ ಯಂತ್ರ ಕೂರಿಸುವವರಿಗೆ ಒಂದು ಕನ್ನಡ ಕಾರ್ಡು ಭಾರವೇ? ಅಮೆರಿಕದಲ್ಲಿ ರೋಗಿ ಮನೆಗೆ ಹೋಗುವ ಮುನ್ನ ಆ ಊರಿನ ಆಂಬುಲೆನ್ಸ್‌ನವರಿಗೆ ಆಸ್ಪತ್ರೆಯೇ ತಿಳಿಸಿ, ಕಲಿಸುವ ರೂಢಿ ಇದೆ. 2008ರಿಂದ ನಮ್ಮಲ್ಲೂ 108 ಓಡುತ್ತಿದೆ. ಪಂಪು ಹಾಕಿಸಿಕೊಂಡ ಪ್ರತಿಯೊಬ್ಬರ ವಿಷಯ 108ಕ್ಕೂ ತಾಲ್ಲೂಕು ಆಸ್ಪತ್ರೆಗೂ ಮೊದಲೇ ತಿಳಿದಿರಬೇಕು. ಸಿಬ್ಬಂದಿಗೆ ಕನ್ನಡದಲ್ಲೇ ತರಬೇತಿ ಸಿಗಬೇಕು. ಇದು ಭಿಕ್ಷೆಯಲ್ಲ, ಹಕ್ಕು.

ಆ ಹುಡುಗನ ಕಾರ್ಡನ್ನು ಕನ್ನಡ ಮಾಡಿ, ಅವನ ತಂದೆಯ ಡಾಕ್ಟರಿಗೆ ತೋರಿಸಿ, ಒಪ್ಪಿದ ಮೇಲೆ ಅಚ್ಚು ಹಾಕಿದೆ. ಲ್ಯಾಮಿನೇಷನ್ ಮಾಡಿ ಬ್ಯಾಟರಿ ಚೀಲಕ್ಕೆ ಕಟ್ಟಿಕೊಟ್ಟೆ. ಮೇಲಿನ ಸಾಲು ದಪ್ಪಕ್ಷರದಲ್ಲಿ: 'ನನಗೆ ಹೃದಯದ ಪಂಪು ಇದೆ. ನಾಡಿ ಸಿಗುವುದಿಲ್ಲ. ವೈರು ಕೀಳಬೇಡಿ.' ಹುಡುಗನಿಂದ ದುಡ್ಡು ತೆಗೆದುಕೊಳ್ಳಲಿಲ್ಲ. ಬೇರೆ ಯಾರ ಮನೆಯಲ್ಲಾದರೂ ಇಂಥವರಿದ್ದರೆ ಬನ್ನಿ, ಅವರಿಗೂ ಹಾಕಿಕೊಡುತ್ತೇನೆ. ನೀವು ಮಾಡಬೇಕಾದದ್ದು ಒಂದೇ: ಇದನ್ನು ಓದಿ, ನಿಮ್ಮ ಬೀದಿಯಲ್ಲಿ ನಾಲ್ಕು ಜನಕ್ಕೆ ಹೇಳಿ.